ಜಗಳಕ್ಕೆ ರಜೆ

ಆ ಬೀದಿಯವರಿಗೆ ಬೆಳಗಾಯಿತೆಂದು ಗೊತ್ತಾಗುವುದು ಟೈಲರ್ ಮನೆಯ ಜಗಳದಿಂದ. ಮೊದಲು ಅಜ್ಜಿಯ ದನಿ ಏಳುತ್ತದೆ. ಅದರ ಮೇಲೆ ಸೊಸೆಯ ದನಿ, ಎರಡರ ನಡುವೆ ಮೊಮ್ಮಗಳದು, ಎಲ್ಲಕ್ಕೂ ಕೊನೆಗೆ ಮುಂದಿನ ಕೋಣೆಯಿಂದ ಹೊಲಿಗೆ ಯಂತ್ರದ ಸದ್ದು. ಟೈಲರು ಜಗಳಕ್ಕೆ ಬಾಯಿ ಹಾಕುವವನಲ್ಲ, ಯಂತ್ರ ತುಳಿಯುತ್ತಾನೆ. ಜೋರಾಗಿ ತುಳಿದರೆ ಅವನಿಗೂ ಸಿಟ್ಟು ಬಂದಿದೆಯೆಂದು ಮನೆಯವರೇ ಅರ್ಥ ಮಾಡಿಕೊಳ್ಳಬೇಕು. ಚಹಾ ತೆಳ್ಳಗಾಯಿತು, ಬಾಗಿಲು ದಢಾರನೆ ಹಾಕಿದರು, ಒದ್ದೆ ಟವೆಲ್ಲು ಕುರ್ಚಿಯ ಮೇಲಿದೆ, ಹೀಗೆ ಕಾರಣಕ್ಕೇನೂ ಬರವಿಲ್ಲ. ಮುಗಿದ ಮೇಲೆ ನಾಲ್ವರೂ ಒಂದೇ ಮೇಜಿಗೆ ಕೂತು, ಒಬ್ಬರ ತಟ್ಟೆಗೆ ಇನ್ನೊಬ್ಬರು ಬಡಿಸಿ ತಿನ್ನುತ್ತಾರೆ. ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅಡ್ಡಾಡುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇಲ್ಲ.

ಸೊಸೆಯದು ಶಾಲೆಯ ಮಕ್ಕಳ ವ್ಯಾನು ಓಡಿಸುವ ಕೆಲಸ. ವ್ಯಾನು ಅವಳ ಸ್ವಂತದ್ದು. ಮಕ್ಕಳು ಅವಳನ್ನು ವ್ಯಾನಮ್ಮ ಎಂದು ಕರೆದೂ ಕರೆದೂ ಬೀದಿಯವರಿಗೂ ಅದೇ ಬಾಯಿಗೆ ಬಂದಿತ್ತು, ಕೊನೆಗೆ ಅತ್ತೆಗೂ. ಆಳು ಗಿಡ್ಡ. ಕಾಲು ಪೆಡಲಿಗೆ ಎಟುಕಬೇಕಾದರೆ ಸೀಟನ್ನು ಪೂರ್ತಿ ಮುಂದಕ್ಕೆ ಎಳೆಯಬೇಕು. ಹಳೆಯ ವ್ಯಾನಾದ್ದರಿಂದ ಸೀಟು ಹಿಂದಕ್ಕೆ ಜಾರುತ್ತಿತ್ತು. ಜಾರದಂತೆ ಗಂಡ ದಪ್ಪ ಬಟ್ಟೆಯನ್ನು ಮಡಚಿ ಹೊಲಿದು ಒಂದು ಬೆಣೆ ಮಾಡಿಕೊಟ್ಟಿದ್ದ. ಅದನ್ನು ಸೀಟಿನ ಕೆಳಗೆ ಸಿಕ್ಕಿಸಿ, ಇತ್ತ ಎಳೆದು, ಅತ್ತ ತಳ್ಳಿ, ತನಗೆ ಬೇಕಾದ ಜಾಗಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ಅಂದಿನಿಂದ ಮನೆಯಲ್ಲಿ ಒಂದು ಕಾನೂನು ಜಾರಿಗೆ ಬಂತು: ವ್ಯಾನನ್ನು ಯಾರು ಬೇಕಾದರೂ ತೊಳೆಯಬಹುದು, ಸೀಟನ್ನು ಮಾತ್ರ ಮುಟ್ಟಕೂಡದು.

ಈಚೆಗೆ ಕೆಲವು ತಿಂಗಳಿಂದ ಅವಳ ಎದೆ ಹೇಳದೆ ಕೇಳದೆ ಓಡತೊಡಗಿತ್ತು. ಬಗ್ಗಿದಾಗಲೋ ಸುಮ್ಮನೆ ಕೂತಾಗಲೋ ಸ್ವಿಚ್ ಒತ್ತಿದ ಹಾಗೆ ಶುರುವಾಗುವುದು, ಗಂಟಲವರೆಗೂ ಬಡಿಯುವುದು, ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಂತುಬಿಡುವುದು. ಅವಳು ತಣ್ಣೀರು ಕುಡಿದು ಸುಮ್ಮನಾಗುತ್ತಿದ್ದಳು. ಹೇಳಿದರೆ ಆಸ್ಪತ್ರೆ, ಆಸ್ಪತ್ರೆಯೆಂದರೆ ವ್ಯಾನು ನಿಲ್ಲುತ್ತದೆ, ಇಷ್ಟು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ದಿನ ಬಕೆಟ್ ಎತ್ತಲು ಬಗ್ಗಿದವಳು ಅಡುಗೆಮನೆಯ ನೆಲದಲ್ಲೇ ಕೂತುಬಿಟ್ಟಾಗ ಗುಟ್ಟು ರಟ್ಟಾಯಿತು. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸುವ ಹೊತ್ತಿಗೆ ಎದೆ ಏನೂ ನಡೆದೇ ಇಲ್ಲವೆಂಬಂತೆ ಟಕ್ ಟಕ್ ಎನ್ನುತ್ತಿತ್ತು. ಅಲ್ಲಿಯ ಡಾಕ್ಟರು ಗ್ಯಾಸ್ ಎಂದರು. ಅಜ್ಜಿಗೆ ಜೀವ ಬಂದಂತಾಯಿತು. ಮನೆಗೆ ಬಂದವಳೇ ಆಲೂಗಡ್ಡೆಯನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದಳು. ಮೊಮ್ಮಗಳಿಗೆ ಆಲೂಗಡ್ಡೆಯೆಂದರೆ ಪ್ರಾಣ. ಅದಕ್ಕೂ ಒಂದು ಜಗಳವಾಯಿತು.

ಗ್ಯಾಸಿನ ಮಾತು ಒಂದೆರಡು ವಾರ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ವ್ಯಾನು ತುಂಬ ಮಕ್ಕಳನ್ನು ಕೂರಿಸಿಕೊಂಡು ಬರುವಾಗ ಅವಳ ಎದೆ ಓಡಿತು, ಕಣ್ಣಿನ ಮುಂದೆ ಮಂಜು ಕವಿಯಿತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟಿಯರಿಂಗಿಗೆ ಹಣೆ ಒತ್ತಿ ಕೂತಳು. ಹಿಂದಿನಿಂದ ಮಕ್ಕಳು, ವ್ಯಾನಮ್ಮ ಕಣ್ಣುಮುಚ್ಚಾಲೆ ಆಡ್ತಿದ್ದಾಳೆ ಎಂದು ಕೂಗಿದರು. ಎದೆಯ ಓಟ ನಿಂತ ಮೇಲೆ ಎಲ್ಲರನ್ನೂ ಜೋಪಾನವಾಗಿ ಮನೆ ಮುಟ್ಟಿಸಿ ಬಂದಳು.

ಅಂದು ಊಟಕ್ಕೆ ಕೂತಾಗ ಅಜ್ಜಿ ಅನ್ನ ಮುದ್ದೆಯಾಗಿದೆ ಎಂದು ಶುರು ಮಾಡಿದಳು. ಸೊಸೆ ತಿರುಗಿ ಮಾತಾಡಲಿಲ್ಲ. ಅಜ್ಜಿ ಇನ್ನೊಮ್ಮೆ ಹೇಳಿ ನೋಡಿದಳು.

"ಏನೇ ಆಯ್ತು ನಿಂಗೆ?" ಎಂದಳು ಅಜ್ಜಿ, ತುತ್ತು ಕೆಳಗಿಟ್ಟು.

"ಇವತ್ತು ಮಕ್ಕಳಿದ್ರು ವ್ಯಾನಲ್ಲಿ, ಅತ್ತೆ," ಎಂದಳು ವ್ಯಾನಮ್ಮ. ಎಲ್ಲವನ್ನೂ ಹೇಳಿದಳು. ತನಗೇನಾದರೂ ಆದರೆ ಆಗಲಿ, ಊರವರ ಮಕ್ಕಳಿಗೆ ಆಗಿದ್ದರೆ ಎಂಬ ಮಾತಿಗೆ ಬಂದಾಗ ಅತ್ತೇಬಿಟ್ಟಳು. ಟೈಲರು ಎದ್ದು ಹೋಗಿ ಯಂತ್ರದ ಮುಂದೆ ಕೂತ, ತುಳಿಯಲಿಲ್ಲ.

ಮರುದಿನ ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರ ಬಳಿಗೆ ನಾಲ್ವರೂ ಹೋದರು. ಡಾಕ್ಟರು ನಡುವಯಸ್ಸಿನ ಹೆಂಗಸು, ಮೆಲುದನಿ, ಆದರೆ ಕೇಳಬೇಕಾದದ್ದನ್ನು ಬಿಡುವವರಲ್ಲ. ಹೇಗೆ ಶುರುವಾಗುತ್ತದೆ, ಹೇಗೆ ನಿಲ್ಲುತ್ತದೆ, ಆಗ ಏನು ಮಾಡುತ್ತಿದ್ದಿರಿ ಎಂದೆಲ್ಲ ಕೇಳಿದರು. ಇದು ಗ್ಯಾಸ್ ಅಲ್ಲ, ಎದೆಬಡಿತದ ಲಯ ತಪ್ಪುತ್ತಿದೆ ಎಂದು ತಮಗೆ ಅನುಮಾನ, ಆದರೆ ಲಯ ತಪ್ಪಿದ ಹೊತ್ತಿಗೇ ಅದನ್ನು ಹಿಡಿಯಬೇಕು ಎಂದರು. ಕಳ್ಳ ಹೋದ ಮೇಲೆ ಮನೆಯ ಫೋಟೋ ತೆಗೆದರೆ ಕಳ್ಳ ಸಿಗುತ್ತಾನೆಯೇ ಎಂದು ಕೇಳಿದರು. ಬಡಿತ ಶುರುವಾದರೆ ಮಲಗಿ, ಮೂಗು ಬಾಯಿ ಮುಚ್ಚಿ, ಹೊಟ್ಟೆ ಬಿಗಿಹಿಡಿದು ತಿಣುಕಬೇಕು, ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ ಎಂದು ತೋರಿಸಿಕೊಟ್ಟರು.

"ವ್ಯಾನು?" ಎಂದಳು ವ್ಯಾನಮ್ಮ.

"ಇದು ಏನು ಅಂತ ಗೊತ್ತಾಗಿ, ಸರಿ ಮಾಡೋವರೆಗೂ ಸ್ಟಿಯರಿಂಗ್ ಮುಟ್ಟಬೇಡಿ."

ಅಲ್ಲಿಂದ ಹೊರಗೆ ಬಂದಾಗ ಅವಳ ಮುಖ ಬಾಡಿಹೋಗಿತ್ತು. ಮನೆಯಲ್ಲಿ ಅವಳ ನಂತರ ಲೈಸೆನ್ಸ್ ಇದ್ದವಳು ಮಗಳು ಮಾತ್ರ. ಮಗಳ ಹೆಸರು ಮನೆಯಲ್ಲಿ ಪುಟ್ಟಿ. ಹುಟ್ಟಿದಾಗ ಇಟ್ಟ ಹೆಸರು ಹಾಗೇ ಉಳಿದುಕೊಂಡಿತ್ತು, ಹುಡುಗಿ ಮಾತ್ರ ಅಪ್ಪನಂತೆ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಬೆಳೆದಿದ್ದಳು. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಸಂಜೆಯ ಪಾಳಿ. ಬೆಳಿಗ್ಗೆ ಮತ್ತು ಮಧ್ಯಾಹ್ನ ವ್ಯಾನು ಅವಳ ಪಾಲಿಗೆ ಬಂತು. ವ್ಯಾನಮ್ಮ ಕೀ ಕೊಡುವಾಗ ಒಂದು ಗಂಟೆ ಬುದ್ಧಿವಾದ ಹೇಳಿದಳು, ಸೀಟಿನ ಮಾತು ಮಾತ್ರ ಎತ್ತಲಿಲ್ಲ. ಅಷ್ಟು ಎತ್ತರದವಳು ಸೀಟು ಹಿಂದಕ್ಕೆ ತಳ್ಳದೆ ಓಡಿಸುವುದಾದರೂ ಹೇಗೆ ಎಂದು ತಾನೇ ಸಮಾಧಾನ ಮಾಡಿಕೊಂಡಳು.

ಆಸ್ಪತ್ರೆಯಲ್ಲಿ ಅವಳ ಎದೆಯ ಮೇಲೆ ಅಲ್ಲಲ್ಲಿ ಅಂಟುಬಿಲ್ಲೆಗಳನ್ನು ಹಚ್ಚಿ, ವೈರುಗಳನ್ನು ಸೊಂಟದ ಪುಟ್ಟ ಡಬ್ಬಿಗೆ ಸೇರಿಸಿ ಕಳಿಸಿದರು. ಒಂದು ಹಗಲು ಒಂದು ರಾತ್ರಿ ಅದು ಪ್ರತಿಯೊಂದು ಬಡಿತವನ್ನೂ ಬರೆದುಕೊಳ್ಳುತ್ತದೆ. ಸ್ನಾನ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ದಿನದ ಹಾಗೇ ಮಾಡಬೇಕು ಎಂದು ನರ್ಸು ಹೇಳಿದಳು. ಇದನ್ನು ನಾಲ್ವರೂ ಕೇಳಿಸಿಕೊಂಡಿದ್ದರು.

ಮನೆಗೆ ಬಂದ ಮೇಲೆ ಅಜ್ಜಿ ಅಪ್ಪಣೆ ಹೊರಡಿಸಿದಳು. ಡಬ್ಬಿ ಬಿಚ್ಚುವವರೆಗೂ ಈ ಮನೆಯಲ್ಲಿ ಯಾರೂ ದನಿ ಎತ್ತಕೂಡದು. ಚಹಾ ಹೇಗಿದ್ದರೂ ಕುಡಿಯಬೇಕು, ಟವೆಲ್ಲು ಎಲ್ಲಿದ್ದರೂ ಇರಲಿ. ಯಂತ್ರಕ್ಕೂ ರಜೆ. ಪುಟ್ಟಿ ನಗಲು ಹೋದಳು, ಅಜ್ಜಿಯ ಮುಖ ನೋಡಿ ಸುಮ್ಮನಾದಳು. ಆ ಮುಖದಲ್ಲಿ ತಮಾಷೆ ಇರಲಿಲ್ಲ.

ಆಮೇಲೆ ನಡೆದದ್ದನ್ನು ಬೀದಿಯವರು ಬಹಳ ದಿನ ಆಡಿಕೊಂಡರು. ಟೈಲರ್ ಮನೆಯಲ್ಲಿ ಸದ್ದೇ ಇಲ್ಲವೆಂದು ಪಕ್ಕದ ಮನೆಯಾಕೆ ಗಾಬರಿಯಾಗಿ ಬಂದು ಇಣುಕಿ ಹೋದಳು. ಒಳಗೆ ವ್ಯಾನಮ್ಮ ಮಂಚದ ಮೇಲೆ ಒರಗಿ ಕೂತಿದ್ದಳು. ಅತ್ತೆ ತಾನೇ ಗಂಜಿ ಮಾಡಿ ತಂದು ಚಮಚ ಕೈಗಿಟ್ಟಳು. ಬಿದ್ದ ಬಾಚಣಿಗೆಯನ್ನು ಎತ್ತಲು ಬಗ್ಗಿದರೆ ಗಂಡ ಓಡಿ ಬಂದು ಎತ್ತಿಕೊಟ್ಟ. ಪಾತ್ರೆ ತೊಳೆಯಲು ಎದ್ದರೆ ಮಗಳು ಭುಜ ಹಿಡಿದು ಕೂರಿಸಿದಳು. ಮದುವೆಯಾಗಿ ಬಂದ ಮೇಲೆ ಅಷ್ಟು ಸುಖ ಅವಳು ಕಂಡಿದ್ದೇ ಇಲ್ಲ. ಸಂಜೆಯ ಹೊತ್ತಿಗೆ ಅವಳಿಗೆ ಆ ಸುಖ ತಲೆಚಿಟ್ಟು ಹಿಡಿಸಿತು.

ಡಬ್ಬಿಯಲ್ಲಿದ್ದದ್ದನ್ನು ಕಂಪ್ಯೂಟರಿನಲ್ಲಿ ನೋಡಿದ ಡಾಕ್ಟರು ತಲೆ ಅಲ್ಲಾಡಿಸಿದರು. ಇಷ್ಟು ಅಚ್ಚುಕಟ್ಟಾದ ಎದೆಬಡಿತ ತಾವು ಈಚೆಗೆ ನೋಡಿಯೇ ಇಲ್ಲ ಎಂದರು.

"ಆವತ್ತು ಏನೇನು ಮಾಡಿದ್ರಿ?"

"ಏನೂ ಮಾಡೋಕೆ ಬಿಡ್ಲಿಲ್ಲ ಇವರು."

"ದಿನಾ ಹಾಗೇನಾ?"

ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಜಗಳಕ್ಕೆ ರಜೆ ಕೊಟ್ಟ ಕತೆಯನ್ನು ಅವಳೇ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಈ ಸಲ ಇನ್ನೂ ಚಿಕ್ಕದೊಂದು ಯಂತ್ರ ಕೊಡುತ್ತೇನೆ, ಕೆಲವು ವಾರ ಎದೆಗೆ ಅಂಟಿಕೊಂಡಿರಲಿ, ಬಡಿತ ಏರಿದ ತಕ್ಷಣ ಅದರ ಗುಂಡಿ ಒತ್ತಬೇಕು ಎಂದರು. ದಯವಿಟ್ಟು ಮನೆಯನ್ನು ಮಾಮೂಲಿನಂತೆ ನಡೆಸಿ ಎಂದು ಅಜ್ಜಿಗೆ ಕೈಮುಗಿದರು. ಅಜ್ಜಿ ಮಾತ್ರ ನಗಲಿಲ್ಲ. ನೆಲ ನೋಡುತ್ತ ಕೂತಿದ್ದಳು.

ಮಾಮೂಲಿನಂತೆ ನಡೆಸುವುದು ಅಷ್ಟು ಸುಲಭವಾಗಿರಲಿಲ್ಲ. ಬೇಕೆಂದು ಜಗಳವಾಡಲು ಹೋದರೆ ಜಗಳವೇ ಬರುತ್ತಿರಲಿಲ್ಲ. ಪುಟ್ಟಿ ಒಂದು ಬೆಳಿಗ್ಗೆ ಅಜ್ಜಿಯನ್ನು ಅಡುಗೆಮನೆಗೆ ತಳ್ಳಿ, ಶುರು ಮಾಡು ಎಂದಳು. ಅಜ್ಜಿ ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯಂತೆ ನಿಂತು, "ಚಹಾ ಚೆನ್ನಾಗಿಲ್ಲ," ಎಂದಳು.

"ಹೌದಾ ಅತ್ತೆ? ಬೇರೆ ಮಾಡ್ಕೊಡ್ಲಾ?" ಎಂದಳು ಸೊಸೆ.

"ಬೇಡ ಬಿಡು, ಇದೇ ಸಾಕು."

ಟೈಲರು ಮುಂದಿನ ಕೋಣೆಯಲ್ಲಿ ಬಾಯಿಗೆ ಬಟ್ಟೆ ಹಿಡಿದು ನಕ್ಕ. ಎಲ್ಲರಿಗೂ ನಗು ಬಂತು, ಎದೆ ಮಾತ್ರ ತನ್ನ ಪಾಡಿಗೆ ನಡೆಯುತ್ತಿತ್ತು. ಇಷ್ಟು ದಿನ ಬರಬೇಡವೆಂದು ಬೇಡಿಕೊಂಡದ್ದನ್ನು ವ್ಯಾನಮ್ಮ ಈಗ ಬಾ ಬಾ ಎಂದು ಕರೆಯುತ್ತಿದ್ದಳು. ಬರದಿದ್ದರೆ ಹಿಡಿಯುವಂತಿಲ್ಲ, ಹಿಡಿಯದಿದ್ದರೆ ವ್ಯಾನಿಲ್ಲ. ಬೆಳಿಗ್ಗೆ ಪುಟ್ಟಿ ವ್ಯಾನು ತೆಗೆದಾಗ ಅವಳು ಕಿಟಕಿಯಲ್ಲಿ ನಿಂತು, ಅದು ಮೂಲೆ ತಿರುಗುವವರೆಗೂ ನೋಡುತ್ತಿದ್ದಳು. ಗೇರು ಬದಲಿಸುವ ಸದ್ದು ಸ್ವಲ್ಪ ತಪ್ಪಿದರೂ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಪುಟ್ಟಿಯಕ್ಕ ಬ್ರೇಕು ಹಾಕಿದರೆ ನಾವೆಲ್ಲ ಎದ್ದು ಕೂರುತ್ತೇವೆ ಎಂದು ಮಕ್ಕಳು ಬೀದಿಯಲ್ಲಿ ಸಿಕ್ಕಾಗ ವರದಿ ಒಪ್ಪಿಸುತ್ತಿದ್ದರು. ಅದನ್ನು ಕೇಳಿ ಅವಳಿಗೆ ಸಂಕಟವೂ ಆಗುತ್ತಿತ್ತು, ಒಳಗೊಳಗೇ ಸಂತೋಷವೂ ಆಗುತ್ತಿತ್ತು.

ಪುಟ್ಟಿ ಸಂಜೆ ಅಂಗಡಿಗೆ ಹೊರಡುವ ಮುಂಚೆ ಅಜ್ಜಿಯ ಮುಂದೆ ಕಾಲು ಚಾಚಿ ಕೂರುತ್ತಿದ್ದಳು. ಅಜ್ಜಿ ಅವಳ ಮೊಣಕಾಲುಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಎರಡೂ ಮೊಣಕಾಲು ನೀಲಿಗಟ್ಟಿದ್ದವು. ವ್ಯಾನಮ್ಮ ಕೇಳಿದರೆ, ಅಂಗಡಿಯ ಮೇಜಿಗೆ ತಾಗಿತು ಎನ್ನುವಳು. ಆ ಮೇಜನ್ನು ಬದಲಾಯಿಸಲು ಹೇಳಬಾರದೇ ಎಂದರೆ ಅಜ್ಜಿ ಮೊಮ್ಮಗಳು ಇಬ್ಬರೂ ಬೇರೆ ಮಾತು ತೆಗೆಯುತ್ತಿದ್ದರು.

ನಿಜವಾದ ಜಗಳ ಬಂದಾಗ ಯಾರೂ ಕರೆದಿರಲಿಲ್ಲ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದರು. ಗಡೀಪಾರಾಗಿದ್ದ ಆಲೂಗಡ್ಡೆ ಮನೆಗೆ ಮರಳಿತ್ತು. ಬಾಗಿಲಲ್ಲಿ ಯಾರೋ ಒಬ್ಬರು ಬಂದು, ವ್ಯಾನು ಮಾರುವುದಿದೆಯಂತೆ, ಒಮ್ಮೆ ನೋಡಬಹುದೇ ಎಂದು ಕೇಳಿದರು. ಪುಟ್ಟಿ, ಮನೆ ತಪ್ಪಿ ಬಂದಿದ್ದೀರಿ ಎಂದಳು. ಬಂದವರು ಟೈಲರ ಕಡೆ ನೋಡಿದರು. ಟೈಲರು ತಟ್ಟೆ ನೋಡಿದ. ಬಂದವರಿಗೆ ಪರಿಸ್ಥಿತಿ ಅರ್ಥವಾಗಿ, ಇನ್ನೊಮ್ಮೆ ಬರುತ್ತೇನೆ ಎಂದು ಹೊರಟುಹೋದರು.

"ನೀವು ಹೇಳಿದ್ರಾ?" ಎಂದಳು ವ್ಯಾನಮ್ಮ.

"ಸುಮ್ನೆ ಒಂದು ಮಾತು ಹಾಕಿದ್ದೆ."

"ನನ್ನ ವ್ಯಾನು. ನನ್ನ ಕೇಳ್ದೆ."

"ಕೇಳಿದ್ರೆ ನೀನು ಒಪ್ತಿದ್ಯಾ?" ಎಂದ ಟೈಲರು. ಆಮೇಲೆ ಆ ಮನೆಯಲ್ಲಿ ಯಾರೂ ಕೇಳದೆ ಇದ್ದದ್ದನ್ನು ಕೇಳಿದರು. ಟೈಲರು ದನಿ ಎತ್ತಿದ. "ವ್ಯಾನು ಹೋದ್ರೆ ಇನ್ನೊಂದು ತರಬಹುದು ಕಣೆ. ಸ್ಟಿಯರಿಂಗ್ ಮೇಲೆ ಬಿದ್ದು ನೀನೇ ಹೋದ್ರೆ ನಾನೆಲ್ಲಿಂದ ತರ್ಲಿ?"

ಅಷ್ಟಕ್ಕೆ ಕಟ್ಟೆ ಒಡೆಯಿತು. ಹದಿನೆಂಟು ತುಂಬಿದ ಮೇಲೆ ನೀನೇ ತಾನೇ ಅಮ್ಮನ ಹತ್ರ ಓಡಿಸೋಕೆ ಕಲಿ ಅಂದಿದ್ದು, ಈಗ ಹೆದರಿಸ್ತೀಯಾ ಎಂದು ಪುಟ್ಟಿ ಅಪ್ಪನ ಮೇಲೆ ಬಿದ್ದಳು. ಹೆಂಡತಿಯ ದುಡಿಮೆಯ ವಸ್ತು ಮಾರಲು ನಿನಗೇನು ಅಧಿಕಾರ ಎಂದು ಅಜ್ಜಿ ಮಗನಿಗೆ ದಬಾಯಿಸಿದಳು, ಅದೇ ಉಸಿರಿನಲ್ಲಿ ಸೊಸೆಗೂ, ಇಷ್ಟು ದಿನ ಬಾಯಿ ಬಿಡದೆ ಕಾಯಿಲೆ ಬಚ್ಚಿಟ್ಟುಕೊಂಡವಳು ನೀನು ಎಂದಳು. ವ್ಯಾನಮ್ಮ ಮೂವರಿಗೂ ಒಟ್ಟಿಗೇ ಉತ್ತರ ಕೊಡುತ್ತಿದ್ದಳು. ಹಾಗೆ ಕೈ ಬೀಸಿದ ರಭಸಕ್ಕೆ ಪಾತ್ರೆಯ ಮುಚ್ಚಳ ಹಾರಿ ಮೇಜಿನ ಕೆಳಗೆ ಬಿತ್ತು. ಬೈಯುತ್ತಲೇ ಬಗ್ಗಿ ಮುಚ್ಚಳ ಎತ್ತಿದವಳು ನೆಟ್ಟಗಾಗುವಷ್ಟರಲ್ಲಿ ಮಾತು ನಿಲ್ಲಿಸಿದಳು.

"ಬಂತು," ಎಂದಳು.

ಎಲ್ಲರೂ ಹಾಗೇ ಕಲ್ಲಾದರು. ಅವಳು ಎದೆಯ ಯಂತ್ರದ ಗುಂಡಿ ಒತ್ತಿ, ಅಲ್ಲೇ ನೆಲದ ಮೇಲೆ ಮಲಗಿ, ಡಾಕ್ಟರು ಹೇಳಿದಂತೆ ಮೂಗಿಗೆ ಕೈ ಹಾಕಿದಳು. ಅಜ್ಜಿ ಆ ಕೈಯನ್ನು ಹಿಡಿದುಕೊಂಡಳು.

"ತಡಿಯೇ, ಈಗ್ಲೇ ನಿಲ್ಲಿಸ್ಬೇಡ. ಆ ಮೆಷಿನ್ನಿಗೆ ಸರಿಯಾಗಿ ಸಿಗ್ಲಿ. ತಲೆ ಸುತ್ತಿದ್ರೆ ಹೇಳು."

ಹೇಳುವಾಗ ಅಜ್ಜಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಟೈಲರು ಹೆಂಡತಿಯ ಪಾದಗಳನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಸ್ವಲ್ಪ ಹೊತ್ತು ಕಾದು, ಮುಖಕ್ಕೆ ತಣ್ಣೀರು ಚಿಮುಕಿಸಿ, ಮೂಗು ಬಿಗಿಹಿಡಿದು ತಿಣುಕಿದ ಮೇಲೆ ಆ ಓಟ ಒಮ್ಮೆ ಮುಗ್ಗರಿಸಿ ನಿಂತಿತು. ವ್ಯಾನಮ್ಮ ಎದ್ದು ಕೂತು ನಗುತ್ತಿದ್ದಳು. ಸಿಕ್ಕಿಬಿತ್ತು ಎಂದು ಪುಟ್ಟಿ ಕುಣಿದಾಡಿದಳು. ಜಗಳ ಎಲ್ಲಿಗೆ ನಿಂತಿತ್ತೆಂದು ಆಮೇಲೆ ಯಾರಿಗೂ ನೆನಪಾಗಲಿಲ್ಲ. ವ್ಯಾನು ಮಾರುವ ಮಾತನ್ನೂ ಯಾರೂ ಎತ್ತಲಿಲ್ಲ.

ಡಾಕ್ಟರು ಹೊಸ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ದಿನದ ಬಡಿತ ಬಿಡಿಬಿಡಿಯಾಗಿ ನಡೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ಒತ್ತೊತ್ತಾಗಿ ಓಡತೊಡಗಿತ್ತು. ಹೃದಯಕ್ಕೆ ತನ್ನದೇ ಕರೆಂಟು ಇರುತ್ತದೆ, ಅದು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಮೇಲಿಂದ ಕೆಳಗೆ ಇಳಿಯುತ್ತದೆ, ಇವರಿಗೆ ಪಕ್ಕದಲ್ಲಿ ಇನ್ನೊಂದು ಒಳದಾರಿ ಇದೆ, ಕರೆಂಟು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಗಿರಗಿರನೆ ಸುತ್ತತೊಡಗುತ್ತದೆ ಎಂದು ವಿವರಿಸಿದರು. ಜೀವಕ್ಕೆ ಹೆದರಬೇಕಾದ ಕಾಯಿಲೆ ಸಾಮಾನ್ಯವಾಗಿ ಅಲ್ಲ, ಆದರೆ ವ್ಯಾನು ಓಡಿಸುವವರು ಹಾಗೇ ಬಿಡುವಂಥದ್ದೂ ಅಲ್ಲ ಎಂದರು.

ಅಜ್ಜಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಆ ದಾರಿ ಹೇಗೆ ಆಯ್ತು ಡಾಕ್ಟ್ರೇ?"

"ಹುಟ್ಟುವಾಗ್ಲೇ ಇರುತ್ತೆ ಅಜ್ಜಿ. ಕೆಲವರಿಗೆ ದೊಡ್ಡವರಾದ ಮೇಲೆ ತೊಂದರೆ ಕೊಡುತ್ತೆ."

"ಹಾಗಾದ್ರೆ ನನ್ನ ಬಾಯಿಂದ ಆಗಿದ್ದಲ್ಲ ಅಂತೀರಾ?"

ಮನೆಯಲ್ಲಿ ಜಗಳಕ್ಕೆ ರಜೆ ಕೊಟ್ಟದ್ದು ಯಾಕೆಂದು ಮಿಕ್ಕ ಮೂವರಿಗೂ ಆಗ ತಿಳಿಯಿತು. ವ್ಯಾನಮ್ಮ ಅತ್ತೆಯ ಮುಖವನ್ನೇ ನೋಡಿದಳು. ಇಷ್ಟು ವಾರ ಈ ಮುದುಕಿ ಇದನ್ನು ಹೊತ್ತುಕೊಂಡು ತಿರುಗಾಡುತ್ತಿದ್ದಳೇ ಎಂದು ಅತ್ತೆಯ ಕೈ ಹಿಡಿದುಕೊಂಡಳು.

"ನಿಮ್ಮ ಬಾಯಿಗೂ ಇದಕ್ಕೂ ಸಂಬಂಧ ಇಲ್ಲ," ಎಂದರು ಡಾಕ್ಟರು. "ನೀವು ಜಗಳ ಆಡಿದ್ದಕ್ಕೆ ನಮಗೆ ಉಪಕಾರವೇ ಆಯ್ತು."

"ನನ್ನ ಬಾಯಿಗೆ ಅಷ್ಟು ಶಕ್ತಿ ಇಲ್ಲ ಅಂತಾಯ್ತು," ಎಂದು ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಂದು ಮನೆಗೆ ಹೋಗುವ ದಾರಿಯಲ್ಲೇ ಆಟೋದವನ ಜೊತೆ ಅವಳದೊಂದು ಸಣ್ಣ ಜಗಳವಾಯಿತು. ಎಲ್ಲರಿಗೂ ಸಮಾಧಾನವಾಯಿತು.

ದಾರಿ ಎರಡಿತ್ತು. ದಿನಾ ಮಾತ್ರೆ ನುಂಗಿ ಬಡಿತವನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬಹುದು, ಇಲ್ಲವೇ ತೊಡೆಯ ರಕ್ತನಾಳದಿಂದ ಸಣ್ಣ ತಂತಿಗಳನ್ನು ಹೃದಯದವರೆಗೆ ಕಳಿಸಿ, ಆ ಒಳದಾರಿ ಎಲ್ಲಿದೆಯೆಂದು ಹುಡುಕಿ, ಕಾವು ಕೊಟ್ಟು ಸುಟ್ಟು ಮುಚ್ಚಬಹುದು. ಎದೆ ಕೊಯ್ಯುವುದಿಲ್ಲ. ಆ ಕೆಲಸದಲ್ಲೂ ಸಣ್ಣಪುಟ್ಟ ಅಪಾಯಗಳಿವೆ, ಅಪರೂಪಕ್ಕೆ ದೊಡ್ಡದೂ ಉಂಟು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಟೈಲರು ಮಾತ್ರೆಯ ಪಕ್ಷ, ಪುಟ್ಟಿ ತಂತಿಯ ಪಕ್ಷ, ಅಜ್ಜಿ ದಿನಕ್ಕೊಂದು ಪಕ್ಷ. ವ್ಯಾನಮ್ಮ ಕೇಳಿದ್ದು ಒಂದೇ ಪ್ರಶ್ನೆ, ಯಾವುದು ಮಾಡಿಸಿದರೆ ವ್ಯಾನು ಬೇಗ ಸಿಗುತ್ತದೆ ಎಂದು. ತಂತಿ ಎಂದು ಗೊತ್ತಾದ ಮೇಲೆ ಅವಳು ಚರ್ಚೆಗೆ ಕೂರಲೇ ಇಲ್ಲ.

ಆ ದಿನ ಬೆಳಿಗ್ಗೆಯಿಂದ ಅವಳು ನೀರೂ ಕುಡಿಯುವಂತಿರಲಿಲ್ಲ. ನೀನು ತಿನ್ನದೆ ನಾನು ಹೇಗೆ ತಿನ್ನಲಿ ಎಂದು ಅಜ್ಜಿಯೂ ಉಪವಾಸ ಹಿಡಿದಳು, ಸೊಸೆಯನ್ನು ಒಳಗೆ ಕರೆದೊಯ್ದ ಮೇಲೆ ಪುಟ್ಟಿಯ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಮುಗಿಸಿದಳು. ಟೈಲರು ಕಾಯುವ ಕೋಣೆಯ ಪರದೆಗಳನ್ನೇ ದಿಟ್ಟಿಸುತ್ತಿದ್ದ. ಅವುಗಳ ಅಂಚು ಸೊಟ್ಟಗೆ ಮಡಚಿದೆ, ಬಿಚ್ಚಿ ಹೊಲಿಯಬೇಕು ಎಂದು ಮಗಳಿಗೆ ಮತ್ತೆ ಮತ್ತೆ ಹೇಳಿದ. ಪುಟ್ಟಿ ಪ್ರತಿ ಸಲವೂ ಹೌದಪ್ಪ ಎಂದಳು.

ಒಳಗೆ ಚಳಿ. ವ್ಯಾನಮ್ಮನನ್ನು ಕಿರಿದಾದ ಮೇಜಿನ ಮೇಲೆ ಮಲಗಿಸಿದ್ದರು, ಪಕ್ಕದಲ್ಲಿ ಸಾಲಾಗಿ ಕಂಪ್ಯೂಟರಿನ ಪರದೆಗಳು. ಕ್ಷಕಿರಣಕ್ಕೆ ತಡೆಯೆಂದು ಎಲ್ಲರೂ ಭಾರದ ನಿಲುವಂಗಿ ತೊಟ್ಟಿದ್ದರು. ತೊಡೆಯ ಸಂದಿಯಲ್ಲಿ ಮರಗಟ್ಟುವ ಚುಚ್ಚುಮದ್ದು ಕೊಟ್ಟಾಗ ಚುರ್ ಎಂದಿತು, ಆಮೇಲೆ ಬರೀ ಒತ್ತಿದಂತೆ ಗೊತ್ತಾಗುತ್ತಿತ್ತು. ಎಚ್ಚರವಾಗಿಯೇ ಇದ್ದಳು. ಈಗ ನಾವೇ ನಿಮ್ಮ ಬಡಿತವನ್ನು ಕೆಣಕುತ್ತೇವೆ, ಅದು ಎದ್ದು ಬಂದರೆ ತಾನೇ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವುದು ಎಂದರು ಡಾಕ್ಟರು. ಕೆಣಕಿದರು. ಎದೆಯೊಳಗೆ ಯಾರೋ ಬಾಗಿಲು ತಟ್ಟಿದಂತೆ ಆಯಿತು, ನಿಂತಿತು. ಮತ್ತೆ ತಟ್ಟಿದರು, ಮತ್ತೆ ನಿಂತಿತು. ಅವಳಿಗೆ ಹೆದರಿಕೆಯಾಯಿತು. ಮನೆಯಲ್ಲಿ ರಜೆಯ ದಿನ ನಡೆದದ್ದೇ ಇಲ್ಲಿಯೂ ನಡೆದರೆ ಏನು ಗತಿ?

"ನಮ್ಮ ಅತ್ತೆ ಹೊರಗೆ ಕೂತಿದ್ದಾರೆ ಡಾಕ್ಟ್ರೇ," ಎಂದಳು. "ಬೇಕಾದ್ರೆ ಕರೀರಿ."

ನಿಲುವಂಗಿಗಳೆಲ್ಲ ಅಲುಗಾಡಿದವು. ನಗು ನಿಂತ ಮೇಲೆ ಡಾಕ್ಟರು ಬಡಿತ ಏರಿಸುವ ಒಂದು ಔಷಧಿಯನ್ನು ನರಕ್ಕೆ ಬಿಡಿಸಿ ಇನ್ನೊಮ್ಮೆ ಕೆಣಕಿದರು. ಈ ಸಲ ಸ್ವಿಚ್ ಒತ್ತಿದ ಹಾಗೆ, ಗಂಟಲವರೆಗೂ, ಅದೇ ಓಟ.

"ಇದೇನಾ ನಿಮಗೆ ಆಗೋದು?"

"ಇದೇ," ಎಂದಳು ವ್ಯಾನಮ್ಮ. ಕಣ್ಣು ತುಂಬಿ ಬಂತು. ಗ್ಯಾಸ್ ಅಂದರು, ಆಲೂಗಡ್ಡೆ ಅಂದರು, ಡಬ್ಬಿಯೂ ಏನಿಲ್ಲ ಅಂದಿತ್ತು. ಈಗ ಪರದೆ ಪರದೆಯ ಮೇಲೂ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಓಡುತ್ತಿತ್ತು. "ಇದೇ ಡಾಕ್ಟ್ರೇ. ಬಿಡ್ಬೇಡಿ ಇದನ್ನ."

ಬಿಡಲಿಲ್ಲ. ಓಟವನ್ನು ನಿಲ್ಲಿಸಿ, ದಾರಿ ಗುರುತಿಸಿ, ಕಾವು ಕೊಟ್ಟರು. ಎದೆಯಲ್ಲಿ ಸ್ವಲ್ಪ ಬೆಚ್ಚಗೆ ನೋವಾಯಿತು. ಆಮೇಲೆ ಮತ್ತೆ ಅದೇ ಔಷಧಿ, ಅದೇ ಕೆಣಕು. ಎಷ್ಟು ಕರೆದರೂ ಅದು ಬರಲಿಲ್ಲ. ಇನ್ನೂ ಕಾದು ನೋಡಿ, ಇನ್ನೊಮ್ಮೆ ಕರೆದು, ಮುಗಿಯಿತು ಎಂದರು. ಕಾಲು ಮಡಿಸದೆ ಗಂಟೆಗಟ್ಟಲೆ ಮಲಗಿರಬೇಕಾದ್ದು ಅವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಾಯಿತು. ಅಜ್ಜಿ ಮಗ್ಗುಲಲ್ಲಿ ಕೂತು, ಕಾಲು ಅಲುಗಿಸಬೇಡ ಎಂದು ನಿಮಿಷಕ್ಕೊಮ್ಮೆ ಹೇಳಿದಳು.

ಮನೆಗೆ ಬಂದ ಮೇಲೆ ಮತ್ತೆ ರಜೆ ಶುರುವಾಯಿತು. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಮನೆಯವರು ಮಾತಿನ ಭಾರಕ್ಕೂ ಹೊಂದಿಸಿಕೊಂಡರು. ವಾಸಿಯಾಗಿದೆ ಎಂದರೆ ಎಲ್ಲರೂ ಹೂಂ ಎನ್ನುತ್ತಿದ್ದರು, ನಂಬುತ್ತಿರಲಿಲ್ಲ. ಅವಳು ಬಗ್ಗಿದರೆ ಮೂವರೂ ಉಸಿರು ಹಿಡಿಯುತ್ತಿದ್ದರು. ಟೈಲರು ಯಂತ್ರವನ್ನು ಮೆತ್ತಗೆ ತುಳಿಯುತ್ತಿದ್ದ. ಇನ್ನು ಈ ಮನೆ ಹೀಗೇ ಇದ್ದುಬಿಡುತ್ತದೇನೋ ಎಂದು ವ್ಯಾನಮ್ಮನಿಗೆ ದಿಗಿಲಾಯಿತು.

ಮತ್ತೆ ತೋರಿಸಲು ಹೋದಾಗ ಡಾಕ್ಟರು ಗಾಯ ನೋಡಿ, ಇಸಿಜಿ ನೋಡಿ, ಇನ್ನು ವ್ಯಾನು ಓಡಿಸಬಹುದು ಎಂದರು. ಮರುದಿನ ಪುಟ್ಟಿ ಏಳುವ ಮೊದಲೇ ಅವಳು ಕೀ ತೆಗೆದುಕೊಂಡು ಹೊರಗೆ ಹೋದಳು. ಸೀಟು ಸರಿಪಡಿಸಿಕೊಳ್ಳಲು ಹೊತ್ತು ಬೇಕಾಗುತ್ತದೆಂದು ಬೇಗ ಎದ್ದಿದ್ದಳು. ಬಾಗಿಲು ತೆಗೆದು ಹತ್ತಿ ಕೂತಳು. ಬೆನ್ನು ದಿಂಬಿಗೆ ತಾಗಿತು. ಕಾಲು ಚಾಚಿದಳು, ಪೆಡಲು ಸಿಕ್ಕಿತು.

ಅವಳಿಗೆ ನಂಬಿಕೆಯಾಗಲಿಲ್ಲ. ಇಳಿದು, ಬಗ್ಗಿ ಸೀಟಿನ ಕೆಳಗೆ ನೋಡಿದಳು. ಬಟ್ಟೆಯ ಬೆಣೆ ಇಟ್ಟ ಜಾಗದಲ್ಲೇ ಇತ್ತು, ಅದರ ಮೇಲೆ ಹಳೆಯ ಧೂಳು ಹಾಗೇ ಕೂತಿತ್ತು. ಸ್ಟಿಯರಿಂಗಿನ ಕೆಳಗೆ, ಎತ್ತರದವರ ಮೊಣಕಾಲು ತಾಗುವ ಕಡೆ, ಹತ್ತಿ ತುಂಬಿದ ಎರಡು ಪಟ್ಟಿಗಳನ್ನು ಕಟ್ಟಿದ್ದರು. ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅಷ್ಟು ಸಣ್ಣ, ಅಷ್ಟು ನೇರ ಹೊಲಿಗೆ ಹಾಕುವವನು ಆ ಬೀದಿಯಲ್ಲಿ ಒಬ್ಬನೇ. ನೀಲಿಗಟ್ಟಿದ ಮೊಣಕಾಲುಗಳೂ, ಅಜ್ಜಿಯ ಎಣ್ಣೆಯೂ, ಅಂಗಡಿಯ ಮೇಜಿನ ಕತೆಯೂ ಒಟ್ಟಿಗೇ ಅವಳ ಕಣ್ಣ ಮುಂದೆ ಬಂದವು. ಒಂದು ಗಳಿಗೆ ವ್ಯಾನಿನ ಬಾಗಿಲು ಹಿಡಿದು ನಿಂತಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಸಿಟ್ಟಿನಿಂದ ಮನೆಯೊಳಗೆ ನುಗ್ಗಿದಳು.

"ಏಳೇ ಪುಟ್ಟಿ. ಸೀಟು ಹಿಂದಕ್ಕೆ ತಳ್ಳೋಕೆ ಏನಾಗಿತ್ತು ನಿಂಗೆ? ಮೊಣಕಾಲು ಬಾಯಿಗೆ ಹತ್ತೋ ಹಾಗೆ ಕೂತ್ಕೊಂಡು ಮಕ್ಕಳ ವ್ಯಾನು ಓಡಿಸ್ತಾರಾ? ಬ್ರೇಕಿಗೆ ಎಲ್ಲರೂ ಎದ್ದು ಕೂರ್ತಿದ್ದದ್ದು ಇದಕ್ಕೇನಾ?"

ಪುಟ್ಟಿ ಹೊದಿಕೆಯೊಳಗಿಂದಲೇ, "ಮುಟ್ಟಿದ್ರೆ ಬೈತೀಯ, ಮುಟ್ಟದಿದ್ರೂ ಬೈತೀಯಲ್ಲಮ್ಮ," ಎಂದಳು. ನೀನು ವಾಪಸ್ ಬಂದಾಗ ಸೀಟು ಸಿಗದೆ ಇದ್ದಿದ್ದರೆ ನನ್ನನ್ನು ಬದುಕಲು ಬಿಡುತ್ತಿದ್ದೆಯಾ ಎಂದೂ ಕೇಳಿದಳು. ಅಡುಗೆಮನೆಯಿಂದ ಯಜಮಾನಿಕೆಯ ದನಿಯಲ್ಲಿ ಅಜ್ಜಿ, ಬೆಳಗಾಗೆದ್ದು ಆ ಹುಡುಗಿಯ ಮೇಲೆ ಯಾಕೆ ಬೀಳುತ್ತೀಯೆ, ಎಣ್ಣೆ ತಿಕ್ಕಿ ನನ್ನ ಕೈ ಬಿದ್ದುಹೋಗಿದೆ ಎಂದು ಶುರು ಮಾಡಿದಳು. ನಿಮ್ಮದೇ ಕುಮ್ಮಕ್ಕು ಇದೆಲ್ಲ ಅತ್ತೆ ಎಂದು ವ್ಯಾನಮ್ಮ ಅತ್ತ ತಿರುಗಿದಳು. ಚಹಾ ತೆಳ್ಳಗಾಗಿದ್ದೂ ಮಾತಿನಲ್ಲಿ ಬಂತು. ಮುಂದಿನ ಕೋಣೆಯಲ್ಲಿ ಯಂತ್ರ ಗಡಗಡ ಎಂದಿತು.

ಆ ರಭಸದಲ್ಲಿ ಅವಳ ಕೈಯಿಂದ ವ್ಯಾನಿನ ಕೀ ಜಾರಿ ಮಂಚದ ಕೆಳಗೆ ಬಿತ್ತು. ಅವಳು ಬಗ್ಗಿದಳು.

ಪುಟ್ಟಿ ಬಾಯಿ ಮುಚ್ಚಿ ಎದ್ದು ಕೂತಳು. ಅಜ್ಜಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಯಂತ್ರ ನಿಂತಿತು. ವ್ಯಾನಮ್ಮ ಕೀ ಹುಡುಕಿ, ನೆಟ್ಟಗಾಗಿ, ಎದೆಯ ಮೇಲೆ ಅಂಗೈ ಇಟ್ಟು ನಿಂತಳು. ಎದೆ ಸಿಟ್ಟು ಬಂದವರ ಎದೆಯಷ್ಟೇ ಜೋರಾಗಿ, ಹೆಜ್ಜೆ ತಪ್ಪದೆ ನಡೆಯುತ್ತಿತ್ತು.

"ಏನು ಎಲ್ಲರೂ ಹಾಗೆ ನೋಡ್ತಿದ್ದೀರಿ?" ಎಂದಳು. "ನಾನಿನ್ನೂ ಮುಗಿಸಿಲ್ಲ."

ಮುಂದಿನ ಕೋಣೆಯಲ್ಲಿ ಟೈಲರು ಮತ್ತೆ ಯಂತ್ರ ತುಳಿಯತೊಡಗಿದ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ.